ಔಷಧ ಪ್ರಯೋಗಕ್ಕೆ ಕರೆ ಬಂದರೆ ಹೋಗಬೇಕೇ? ಸಹಿ ಹಾಕುವ ಮೊದಲು ಕೆಜಿಎಫ್, ಬಂಗಾರಪೇಟೆಯವರು ತಿಳಿಯಬೇಕಾದದ್ದು

ವಾಟ್ಸಾಪ್ ಗುಂಪುಗಳಲ್ಲಿ ಔಷಧ ಪ್ರಯೋಗದ ಬಗ್ಗೆ ಎರಡು ಬಗೆಯ ಫಾರ್ವರ್ಡ್‌ಗಳು ಓಡಾಡುತ್ತವೆ. ಒಂದು ಹೆದರಿಸುವಂಥದ್ದು: ‘ದೊಡ್ಡ ಆಸ್ಪತ್ರೆಯಲ್ಲಿ ಬಡವರ ಮೇಲೆ ಪ್ರಯೋಗ ಮಾಡುತ್ತಾರೆ, ಯಾವ ಕಾಗದಕ್ಕೂ ಸಹಿ ಹಾಕಬೇಡಿ, ಎಲ್ಲರಿಗೂ ಕಳಿಸಿ.’ ಇನ್ನೊಂದು ಆಸೆ ಹುಟ್ಟಿಸುವಂಥದ್ದು: ‘ಶ್ವಾಸಕೋಶದ ಕಾಯಿಲೆಗೆ ವಿದೇಶದ ಹೊಸ ಔಷಧ, ಟ್ರಯಲ್‌ನಲ್ಲಿ ಪೂರ್ತಿ ಉಚಿತ, ಸೀಟು ಕೆಲವೇ ಇವೆ, ಕೂಡಲೇ ಕರೆ ಮಾಡಿ.’

ಎರಡನ್ನೂ ನಂಬಿ ಕುಳಿತರೆ ನಷ್ಟ ನಿಮಗೇ. ಮೊದಲನೆಯದನ್ನು ನಂಬಿದವರು ಪ್ರಯೋಜನವಾಗಬಹುದಾದ ಅವಕಾಶವನ್ನು ಕೈಬಿಡಬಹುದು. ಎರಡನೆಯದನ್ನು ನಂಬಿದವರು ಹಣವನ್ನೂ ಆರೋಗ್ಯವನ್ನೂ ಕಳೆದುಕೊಳ್ಳಬಹುದು. ಕೆಜಿಎಫ್ ಮತ್ತು ಬಂಗಾರಪೇಟೆಯವರಿಗೆ ಈ ವಿಷಯ ದೂರದ್ದಲ್ಲ. 2001ರ ಫೆಬ್ರವರಿ 28ರಂದು ಚಿನ್ನದ ಗಣಿ ಮುಚ್ಚಿದ ಮೇಲೆ ಇಲ್ಲಿನ ಸಾವಿರಾರು ಜನ ದಿನವೂ ರೈಲು ಹತ್ತಿ ಬೆಂಗಳೂರಿಗೆ ದುಡಿಯಲು ಹೋಗುತ್ತಾರೆ. ದೊಡ್ಡ ಕಾಯಿಲೆ ಬಂದರೂ ಹೋಗುವುದು ಅದೇ ರೈಲಿನಲ್ಲಿ, ಅದೇ ಊರಿನ ಆಸ್ಪತ್ರೆಗಳಿಗೆ. ಔಷಧ ಪ್ರಯೋಗಗಳು ಹೆಚ್ಚಾಗಿ ನಡೆಯುವುದೂ ಅಂಥ ಆಸ್ಪತ್ರೆಗಳಲ್ಲೇ. ಇಂದಲ್ಲ ನಾಳೆ ನಿಮ್ಮ ಮನೆಯ ಯಾರಿಗಾದರೂ ವೈದ್ಯರು ‘ಒಂದು ಟ್ರಯಲ್ ನಡೆಯುತ್ತಿದೆ, ಸೇರುತ್ತೀರಾ?’ ಎಂದು ಕೇಳಬಹುದು.

ಆಗ ಏನು ಹೇಳಬೇಕು? ಅದಕ್ಕೆ ಮೊದಲು ಟ್ರಯಲ್ ಅಂದರೆ ಏನು ಎಂದು ನೋಡೋಣ.

ಟ್ರಯಲ್ ಎಂದರೆ ಚಿಕಿತ್ಸೆಯಲ್ಲ, ಒಂದು ಪ್ರಶ್ನೆ

ಕ್ಲಿನಿಕಲ್ ಟ್ರಯಲ್ ಎಂದರೆ ಒಂದು ಪ್ರಶ್ನೆಗೆ ಉತ್ತರ ಹುಡುಕುವ ಕೆಲಸ. ‘ಈ ಔಷಧ ಕೆಲಸ ಮಾಡುತ್ತದೆಯೇ? ಈಗಿರುವುದಕ್ಕಿಂತ ಉತ್ತಮವೇ? ತೊಂದರೆ ಎಷ್ಟು?’ ಉತ್ತರ ಮೊದಲೇ ಗೊತ್ತಿದ್ದರೆ ಟ್ರಯಲ್ ಬೇಕಾಗಿಯೇ ಇರಲಿಲ್ಲ. ಆದ್ದರಿಂದ ‘ಟ್ರಯಲ್‌ನಲ್ಲಿ ಕೊಡುವುದು ಖಂಡಿತ ಒಳ್ಳೆಯ ಔಷಧ’ ಎಂಬುದೂ ತಪ್ಪು, ‘ಖಂಡಿತ ಅಪಾಯಕಾರಿ’ ಎಂಬುದೂ ತಪ್ಪು.

ನಮ್ಮ ರಾಜ್ಯದ್ದೇ ಒಂದು ಉದಾಹರಣೆ ನೋಡಿ. ಹೆರಿಗೆಯ ನಂತರದ ಅತಿಯಾದ ರಕ್ತಸ್ರಾವ ಬಾಣಂತಿಯರ ಜೀವ ತೆಗೆಯುವ ಮುಖ್ಯ ಕಾರಣಗಳಲ್ಲಿ ಒಂದು. ಅದನ್ನು ತಡೆಯುವ ಚುಚ್ಚುಮದ್ದು ಆಸ್ಪತ್ರೆಯಲ್ಲಿ ಇರುತ್ತದೆ, ಹಳ್ಳಿಯ ಮನೆಯಲ್ಲಿ ನಡೆಯುವ ಹೆರಿಗೆಗೆ ಅದು ಸಿಗುತ್ತಿರಲಿಲ್ಲ. ಬಾಯಿಯಿಂದ ನುಂಗುವ ಮಿಸೊಪ್ರೊಸ್ಟಾಲ್ ಎಂಬ ಅಗ್ಗದ ಮಾತ್ರೆ ಆ ಕೆಲಸ ಮಾಡೀತೇ? ಬೆಳಗಾವಿಯ ಜವಾಹರಲಾಲ್ ನೆಹರು ವೈದ್ಯಕೀಯ ಕಾಲೇಜಿನವರು ಅಮೆರಿಕದ ಸಂಶೋಧಕರ ಜೊತೆ ಸೇರಿ 2002ರಿಂದ 2005ರವರೆಗೆ ಜಿಲ್ಲೆಯ ಹಳ್ಳಿಗಳಲ್ಲಿ ಈ ಪ್ರಶ್ನೆಯನ್ನು ಪರೀಕ್ಷಿಸಿದರು.

1,620 ಮಹಿಳೆಯರು ಅದರಲ್ಲಿ ಇದ್ದರು. ಸುಮಾರು ಅರ್ಧ ಜನಕ್ಕೆ ಮಿಸೊಪ್ರೊಸ್ಟಾಲ್, ಉಳಿದವರಿಗೆ ನೋಡಲು ಅದರಂತೆಯೇ ಇರುವ, ಆದರೆ ಔಷಧವಿಲ್ಲದ ಮಾತ್ರೆ. ಇಂಥ ಮಾತ್ರೆಗೆ ಪ್ಲೇಸಿಬೊ ಎನ್ನುತ್ತಾರೆ. ಯಾರಿಗೆ ಯಾವುದು ಎಂಬುದನ್ನು ಚೀಟಿ ಎತ್ತಿದ ಹಾಗೆ ನಿರ್ಧರಿಸಲಾಗಿತ್ತು. ಹೆರಿಗೆ ಮಾಡಿಸಿದ ಸಹಾಯಕಿಗೂ ಅದು ಗೊತ್ತಿರಲಿಲ್ಲ, ಬಾಣಂತಿಗೂ ಗೊತ್ತಿರಲಿಲ್ಲ. ರಕ್ತಸ್ರಾವವನ್ನು ಕಣ್ಣಂದಾಜಿನಲ್ಲಿ ಬರೆಯದೆ, ಅಳತೆಯ ಗೆರೆಗಳಿರುವ ಪ್ಲಾಸ್ಟಿಕ್ ಚೀಲದಲ್ಲಿ ಸಂಗ್ರಹಿಸಿ ಅಳೆದರು.

2006ರಲ್ಲಿ ‘ಲ್ಯಾನ್ಸೆಟ್’ ಪತ್ರಿಕೆಯಲ್ಲಿ ಫಲಿತಾಂಶ ಪ್ರಕಟವಾಯಿತು. ಪ್ಲೇಸಿಬೊ ಪಡೆದವರಲ್ಲಿ ನೂರಕ್ಕೆ 12 ಮಂದಿಗೆ ಅತಿಯಾದ ರಕ್ತಸ್ರಾವವಾಗಿತ್ತು. ಔಷಧ ಪಡೆದವರಲ್ಲಿ ಅದು ನೂರಕ್ಕೆ 6.4. ಚಳಿ, ಜ್ವರದಂಥ ತೊಂದರೆಗಳು ಔಷಧ ಪಡೆದವರಲ್ಲಿ ಹೆಚ್ಚಾಗಿ ಕಂಡವು, ಆದರೆ ಬಂದು ಹೋಗುವಂಥವು. ಇಂಥ ಅಧ್ಯಯನಗಳ ಬಲದಿಂದ 2011ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಹೆರಿಗೆ ನಂತರದ ರಕ್ತಸ್ರಾವ ತಡೆಯಲು ಈ ಮಾತ್ರೆಯನ್ನು ಅಗತ್ಯ ಔಷಧಗಳ ಪಟ್ಟಿಗೆ ಸೇರಿಸಿತು. ಬೆಳಗಾವಿ ಜಿಲ್ಲೆಯ ಹಳ್ಳಿಯ ಹೆಣ್ಣುಮಕ್ಕಳು ಕೊಟ್ಟ ಉತ್ತರ ಬೇರೆ ಬೇರೆ ದೇಶಗಳ ಬಾಣಂತಿಯರಿಗೆ ಉಪಯೋಗಕ್ಕೆ ಬಂತು.

ಹಾಗಾದರೆ ಪ್ಲೇಸಿಬೊ ಕೊಡುವುದು ಮೋಸವಲ್ಲವೇ?

ಈ ಅನುಮಾನ ಬರಲೇಬೇಕು. ಉತ್ತರ ಒಂದು ಮಾತಿನ ಮೇಲೆ ನಿಂತಿದೆ: ಆ ಜಾಗದಲ್ಲಿ ಬೇರೆ ಸಾಬೀತಾದ ಚಿಕಿತ್ಸೆ ಸಿಗುತ್ತಿತ್ತೇ? ಆ ಹೆರಿಗೆಗಳಲ್ಲಿ ರಕ್ತಸ್ರಾವ ತಡೆಯಲು ರೂಢಿಯಲ್ಲಿ ಯಾವ ಔಷಧವೂ ಇರಲಿಲ್ಲ. ಹೀಗಾಗಿ ಪ್ಲೇಸಿಬೊ ಪಡೆದವರಿಂದ ಸಿಗುತ್ತಿದ್ದ ಚಿಕಿತ್ಸೆಯನ್ನು ಕಸಿದುಕೊಂಡಂತಾಗಲಿಲ್ಲ. ಆದರೂ ಇಂಥ ಕಡೆ ಪ್ಲೇಸಿಬೊ ಕೊಡುವುದು ಸರಿಯೇ ಎಂದು ವೈದ್ಯಲೋಕದಲ್ಲೇ ಚರ್ಚೆ ಇದೆ. ಒಳ್ಳೆಯ ಚಿಕಿತ್ಸೆ ಕೈಯಲ್ಲೇ ಇದ್ದು, ಅದನ್ನು ನಿಲ್ಲಿಸಿ ಬರೀ ಪ್ಲೇಸಿಬೊ ಕೊಟ್ಟು ರೋಗಿಗೆ ಹಾನಿ ಮಾಡುವುದಂತೂ ತಪ್ಪು. ಕ್ಯಾನ್ಸರ್, ಕ್ಷಯದಂಥ ರೋಗಗಳ ಟ್ರಯಲ್‌ಗಳಲ್ಲಿ ಸಾಮಾನ್ಯವಾಗಿ ಒಂದು ಗುಂಪಿಗೆ ಈಗಿನ ಚಿಕಿತ್ಸೆ, ಇನ್ನೊಂದಕ್ಕೆ ಹೊಸದು, ಅಥವಾ ಈಗಿನದರ ಜೊತೆಗೆ ಹೊಸದು ಎಂದು ಹೋಲಿಸುತ್ತಾರೆ.

ಚಿನ್ನದ ಗಣಿಯ ಇನ್ನೊಂದು ಕಥೆ

‘ಪ್ರಯೋಗ ಮಾಡುವುದೇ ಬೇಡ, ಒಳ್ಳೆಯದು ಅನ್ನಿಸಿದ್ದನ್ನು ನೇರವಾಗಿ ಕೊಟ್ಟುಬಿಡಿ’ ಎಂದರೆ ಏನಾಗುತ್ತದೆ? ಅದಕ್ಕೆ ಉತ್ತರ ಕೆನಡಾದ ಚಿನ್ನದ ಗಣಿಗಳಲ್ಲಿದೆ.

ಕೆಜಿಎಫ್‌ನಲ್ಲಿ ಸಿಲಿಕೋಸಿಸ್ ಎಂಬ ಹೆಸರು ಹೊಸದಲ್ಲ. ಗಟ್ಟಿ ಕಲ್ಲು ಕೊರೆಯುವಾಗ ಏಳುವ ಸಣ್ಣ ದೂಳು ಶ್ವಾಸಕೋಶಕ್ಕೆ ಹೋಗಿ ಅಲ್ಲೇ ಕೂತು ಗಾಯದ ಗಂಟು ಕಟ್ಟುತ್ತದೆ. ಉಸಿರು ಸಾಲುವುದಿಲ್ಲ, ಕ್ಷಯ ತಗಲುವ ಸಾಧ್ಯತೆಯೂ ಹೆಚ್ಚು. ಕೆಲಸ ಬಿಟ್ಟು ವರ್ಷಗಳಾದ ಮೇಲೂ ಅದು ಬಲಿಯಬಹುದು. ಗಾಯವಾದ ಶ್ವಾಸಕೋಶವನ್ನು ಮೊದಲಿನಂತೆ ಮಾಡುವ ಔಷಧ ಇವತ್ತಿಗೂ ಇಲ್ಲ.

ಕೆನಡಾದ ಒಂಟಾರಿಯೊ ಪ್ರಾಂತ್ಯದ ಚಿನ್ನದ ಗಣಿಗಳಲ್ಲೂ ಅದೇ ರೋಗ ಇತ್ತು. 1930ರ ದಶಕದಲ್ಲಿ ಮೊಲಗಳ ಮೇಲೆ ಮಾಡಿದ ಪ್ರಯೋಗದಲ್ಲಿ ಅಲ್ಯುಮಿನಿಯಂ ಪುಡಿ ಸಿಲಿಕೋಸಿಸ್ ತಡೆಯುವಂತೆ ಕಂಡಿತು. ಅಷ್ಟೇ ಸಾಕಾಯಿತು. 1943ರಿಂದ ಕಾರ್ಮಿಕರು ಬಟ್ಟೆ ಬದಲಿಸುವ ಕೋಣೆಯಲ್ಲಿ, ಪಾಳಿ ಶುರುವಾಗುವ ಮೊದಲು, ಬಾಗಿಲು ಮುಚ್ಚಿ ಗಾಳಿಗೆ ಈ ಕಪ್ಪು ಪುಡಿಯನ್ನು ಹಾರಿಸಲಾಯಿತು. ಕಾರ್ಮಿಕರು ಹತ್ತು ನಿಮಿಷ ಅದನ್ನು ಉಸಿರಾಡಿ ಆಮೇಲೆ ಗಣಿಗೆ ಇಳಿಯುತ್ತಿದ್ದರು. ಪುಡಿ ಮೊದಲು ತಯಾರಾದ ಗಣಿಯ ಹೆಸರಿನಿಂದ ಅದನ್ನು ‘ಮ್ಯಾಕಿಂಟೈರ್ ಪೌಡರ್’ ಎಂದೇ ಕರೆಯುತ್ತಿದ್ದರು.

ಅಲ್ಲಿ ಹೋಲಿಸಲು ಇನ್ನೊಂದು ಗುಂಪು ಇರಲಿಲ್ಲ. ‘ನಿಮಗೆ ಒಪ್ಪಿಗೆಯೇ’ ಎಂದು ಕೇಳುವ ಕ್ರಮವೂ ಇರಲಿಲ್ಲ. ಮುಂದೆ ಬ್ರಿಟನ್ನಿನಲ್ಲಿ ಹೋಲಿಕೆಯ ಗುಂಪು ಇಟ್ಟುಕೊಂಡು ಸರಿಯಾಗಿ ಪರೀಕ್ಷಿಸಿದಾಗ, ಈ ಪುಡಿಯಿಂದ ಪ್ರಯೋಜನವಿಲ್ಲ ಎಂಬ ಫಲಿತಾಂಶ 1956ರಲ್ಲಿ ಪ್ರಕಟವಾಯಿತು. ಆದರೂ ಒಂಟಾರಿಯೊದಲ್ಲಿ ಅದು ನಿಂತಿದ್ದು 1979ರಲ್ಲಿ. ಆ ಕಾರ್ಮಿಕರ ದಾಖಲೆಗಳನ್ನು ಪರಿಶೀಲಿಸಿದ 2020ರ ಅಧ್ಯಯನ, ಪುಡಿ ಉಸಿರಾಡಿದವರಲ್ಲಿ ಪಾರ್ಕಿನ್ಸನ್ ಕಾಯಿಲೆ ಹೆಚ್ಚಾಗಿದೆ ಎಂದು ತೋರಿಸಿತು. 2022ರಲ್ಲಿ ಒಂಟಾರಿಯೊ ಸರ್ಕಾರ ಅದನ್ನು ಕೆಲಸದಿಂದ ಬಂದ ರೋಗವೆಂದು ಒಪ್ಪಿತು.

ಅದೇ ಚಿನ್ನ, ಅದೇ ಕಲ್ಲಿನ ದೂಳು, ಅದೇ ರೋಗ. ಆ ಕಾರ್ಮಿಕರಿಗೆ ಹಾನಿಯಾದದ್ದು ಅವರು ಟ್ರಯಲ್ ಸೇರಿದ್ದರಿಂದ ಅಲ್ಲ. ಟ್ರಯಲ್ ಇಲ್ಲದೆ, ಅವರನ್ನು ಕೇಳದೆ, ಲೆಕ್ಕ ಇಡದೆ ಅವರ ಮೇಲೆ ಪ್ರಯೋಗ ನಡೆದಿದ್ದರಿಂದ. ಒಳ್ಳೆಯ ಟ್ರಯಲ್‌ಗೂ ಕೆಟ್ಟ ಪ್ರಯೋಗಕ್ಕೂ ಇರುವ ವ್ಯತ್ಯಾಸ ಇಷ್ಟೇ: ಮೊದಲನೆಯದರಲ್ಲಿ ನಿಮ್ಮನ್ನು ಕೇಳುತ್ತಾರೆ, ಬರೆದು ಕೊಡುತ್ತಾರೆ, ಹೊರಗಿನವರು ಕಣ್ಣಿಟ್ಟಿರುತ್ತಾರೆ.

ನಮ್ಮ ದೇಶದಲ್ಲಿ ತಪ್ಪು ನಡೆದಿಲ್ಲವೇ?

ನಡೆದಿದೆ. 2009-10ರಲ್ಲಿ ಆಗಿನ ಆಂಧ್ರಪ್ರದೇಶದ ಖಮ್ಮಂ ಜಿಲ್ಲೆಯಲ್ಲಿ ಮತ್ತು ಗುಜರಾತಿನ ವಡೋದರಾದಲ್ಲಿ ಹೆಣ್ಣುಮಕ್ಕಳಿಗೆ ಎಚ್‌ಪಿವಿ ಲಸಿಕೆ ಹಾಕುವ ಯೋಜನೆ ನಡೆಯಿತು. ಏಳು ಮಕ್ಕಳ ಸಾವು ವರದಿಯಾಗಿ 2010ರ ಏಪ್ರಿಲ್‌ನಲ್ಲಿ ಅದನ್ನು ನಿಲ್ಲಿಸಲಾಯಿತು. ‘ಲಸಿಕೆ ಏಳು ಮಕ್ಕಳನ್ನು ಕೊಂದಿತು’ ಎಂಬ ಫಾರ್ವರ್ಡ್ ಇಂದಿಗೂ ಬರುತ್ತದೆ. ಸರ್ಕಾರ ನೇಮಿಸಿದ ತನಿಖಾ ಸಮಿತಿಗೆ ಆ ಸಾವುಗಳಿಗೆ ಲಸಿಕೆ ಕಾರಣ ಎನ್ನಲು ಆಧಾರ ಸಿಗಲಿಲ್ಲ. ಆದರೆ ಒಪ್ಪಿಗೆ ಪಡೆದ ರೀತಿಯಲ್ಲಿ ಗಂಭೀರ ಲೋಪ ಸಿಕ್ಕಿತು: ಅನೇಕ ಮಕ್ಕಳ ಪರವಾಗಿ ಸಹಿ ಹಾಕಿದ್ದು ಅಪ್ಪ ಅಮ್ಮ ಅಲ್ಲ, ಹಾಸ್ಟೆಲ್ ವಾರ್ಡನ್. 2013ರಲ್ಲಿ ಸಂಸತ್ತಿನ ಸ್ಥಾಯಿ ಸಮಿತಿ ಇದನ್ನು ಕಟುವಾಗಿ ಟೀಕಿಸಿತು.

ಅದೇ ಹೊತ್ತಿಗೆ ಔಷಧ ಪ್ರಯೋಗಗಳ ಅವ್ಯವಸ್ಥೆಯ ಬಗ್ಗೆ ‘ಸ್ವಾಸ್ಥ್ಯ ಅಧಿಕಾರ ಮಂಚ್’ ಹಾಕಿದ ಅರ್ಜಿಯ ವಿಚಾರಣೆ ಸುಪ್ರೀಂ ಕೋರ್ಟ್‌ನಲ್ಲಿ ನಡೆಯುತ್ತಿತ್ತು. ನಿಯಮಗಳು ಬಿಗಿಯಾದವು. ಈಗ ಜಾರಿಯಲ್ಲಿರುವುದು 2019ರ ಮಾರ್ಚ್‌ನಲ್ಲಿ ಬಂದ ಹೊಸ ಔಷಧಗಳು ಮತ್ತು ಕ್ಲಿನಿಕಲ್ ಟ್ರಯಲ್ ನಿಯಮಗಳು. ಅವು ನಿಮಗೆ ಕೊಡುವ ಮುಖ್ಯ ರಕ್ಷಣೆಗಳು ಇವು:

• ಟ್ರಯಲ್ ಶುರುವಾಗುವ ಮೊದಲು ನೈತಿಕ ಸಮಿತಿ, ಅಂದರೆ ಎಥಿಕ್ಸ್ ಕಮಿಟಿ, ಒಪ್ಪಬೇಕು. ಅದರಲ್ಲಿ ಕನಿಷ್ಠ 7 ಸದಸ್ಯರು ಇರಬೇಕು, ಅರ್ಧದಷ್ಟು ಜನ ಆ ಆಸ್ಪತ್ರೆಗೆ ಸಂಬಂಧ ಇಲ್ಲದವರಾಗಿರಬೇಕು. ವೈದ್ಯರಲ್ಲದ ಸಾಮಾನ್ಯ ಪ್ರಜೆ, ಕಾನೂನು ಬಲ್ಲವರು, ಮಹಿಳೆ ಅದರಲ್ಲಿ ಇರಲೇಬೇಕು.

• ಎಲ್ಲ ವಿವರ ನಿಮಗೆ ಅರ್ಥವಾಗುವ ಭಾಷೆಯಲ್ಲಿ ಇರಬೇಕು. ಕೆಜಿಎಫ್‌ನಲ್ಲಿ ಮನೆಮಾತು ತಮಿಳೋ ತೆಲುಗೋ ಆಗಿರುವವರು ಬಹಳ. ಕನ್ನಡ ಮಾತಾಡಲು ಬಂದರೂ ಓದಲು ಬಾರದ ಹಿರಿಯರಿದ್ದಾರೆ. ಅಂಥವರು ತಮಿಳಿನಲ್ಲೋ ತೆಲುಗಿನಲ್ಲೋ ಕೊಡಿ ಎಂದು ಕೇಳಬಹುದು, ಅದು ಅವರ ಹಕ್ಕು. ಓದಲು ಬಾರದಿದ್ದರೆ ಟ್ರಯಲ್‌ಗೆ ಸಂಬಂಧವಿಲ್ಲದ ಸಾಕ್ಷಿಯ ಎದುರಿಗೆ ಓದಿ ಹೇಳಬೇಕು.

• ಒಪ್ಪಿಗೆ ಪತ್ರದ ಮತ್ತು ಮಾಹಿತಿ ಪತ್ರದ ಒಂದು ಪ್ರತಿ ನಿಮ್ಮ ಕೈಗೆ ಕೊಡಬೇಕು.

• ಹೊಚ್ಚಹೊಸ ಔಷಧದ ಟ್ರಯಲ್‌ಗೆ ಬಡತನ, ಅನಕ್ಷರತೆಯಂಥ ಕಾರಣದಿಂದ ಒತ್ತಡಕ್ಕೆ ಸಿಲುಕಬಹುದಾದವರನ್ನು ಸೇರಿಸುವಾಗ, ವಿವರಿಸಿ ಒಪ್ಪಿಗೆ ಪಡೆಯುವುದನ್ನು ವಿಡಿಯೊ ಮಾಡಬೇಕು.

• ಯಾವಾಗ ಬೇಕಾದರೂ, ಕಾರಣ ಹೇಳದೆ ಹೊರಬರಬಹುದು. ಅದರಿಂದ ಆಸ್ಪತ್ರೆಯ ಮಾಮೂಲಿ ಚಿಕಿತ್ಸೆ ನಿಲ್ಲಬಾರದು.

• ಟ್ರಯಲ್‌ನಿಂದ ಹಾನಿಯಾದರೆ ಉಚಿತ ಚಿಕಿತ್ಸೆ ಮತ್ತು ಹಣದ ಪರಿಹಾರ ಕೊಡಬೇಕು. ಸಾವು ಸಂಭವಿಸಿದರೆ ಲೆಕ್ಕದ ಮೂಲ ಮೊತ್ತ 8 ಲಕ್ಷ ರೂಪಾಯಿ. ವಯಸ್ಸು ಮತ್ತು ಮೊದಲೇ ಇದ್ದ ಕಾಯಿಲೆಯ ತೀವ್ರತೆಯನ್ನು ನೋಡಿ ಅದು ಹೆಚ್ಚು ಕಡಿಮೆ ಆಗುತ್ತದೆ.

ಯಾವ ಹಂತದ ಟ್ರಯಲ್ ಎಂದು ಕೇಳಿ

ಮೊದಲ ಹಂತದಲ್ಲಿ ಕೆಲವೇ ಹತ್ತಾರು ಜನರಿಗೆ ಔಷಧ ಕೊಟ್ಟು ದೇಹ ಅದನ್ನು ತಾಳುತ್ತದೆಯೇ ಎಂದು ನೋಡುತ್ತಾರೆ. ಎರಡನೇ ಹಂತದಲ್ಲಿ ರೋಗಿಗಳಿಗೆ ಕೊಟ್ಟು ಪ್ರಮಾಣ ಎಷ್ಟಿರಬೇಕು, ಪರಿಣಾಮ ಇದೆಯೇ ಎಂದು ನೋಡುತ್ತಾರೆ. ಮೂರನೆಯದು ದೊಡ್ಡ ಹೋಲಿಕೆ. ಕೋವ್ಯಾಕ್ಸಿನ್ ಲಸಿಕೆಯ ಮೂರನೇ ಹಂತದಲ್ಲಿ ಸುಮಾರು 25,800 ಜನ ಇದ್ದರು. ಔಷಧ ಮಾರುಕಟ್ಟೆಗೆ ಬಂದ ಮೇಲೂ ಅಪರೂಪದ ತೊಂದರೆಗಳ ಮೇಲೆ ಕಣ್ಣಿಡುವುದು ನಾಲ್ಕನೆಯದು. ಹಂತ ಹಿಂದಿನದಾದಷ್ಟೂ ಗೊತ್ತಿರುವುದು ಕಡಿಮೆ ಎಂದು ನೆನಪಿಡಿ.

ಹಣ ಕೊಡುತ್ತಾರೆ ಎಂದರೆ?

ಎರಡು ಬಗೆಯ ಹಣ ಇದೆ. ಒಂದು, ಓಡಾಟದ ಖರ್ಚು ಮತ್ತು ಕಳೆದ ಕೂಲಿ. ಇದನ್ನು ಕೊಡುವುದು ನ್ಯಾಯ. ಮಾರಿಕುಪ್ಪಂನಿಂದ ಬೆಂಗಳೂರಿಗೆ ಹೋಗಿ ಬರಲು ಒಂದು ದಿನದ ಸಂಬಳವೇ ಹೋಗುತ್ತದೆ. ಟ್ರಯಲ್‌ಗೆ ಹತ್ತು ಸಲ ಹೋಗಬೇಕಾದರೆ ಹತ್ತು ದಿನ.

ಇನ್ನೊಂದು, ಆರೋಗ್ಯವಂತರನ್ನು ಒಂದೆರಡು ದಿನ ಉಳಿಸಿಕೊಂಡು ಮಾತ್ರೆ ಕೊಟ್ಟು ರಕ್ತ ತೆಗೆಯುವ ಅಧ್ಯಯನಗಳಲ್ಲಿ ಕೊಡುವ ಹಣ. ಒಂದೇ ಔಷಧವನ್ನು ಬೇರೆ ಕಂಪನಿ ತಯಾರಿಸಿದಾಗ ಎರಡೂ ರಕ್ತದಲ್ಲಿ ಒಂದೇ ರೀತಿ ಸೇರುತ್ತವೆಯೇ ಎಂದು ನೋಡಲು ಇವು ಬೇಕು. ಕಾನೂನುಬಾಹಿರವಲ್ಲ. ಆದರೆ ಕೈಯಲ್ಲಿ ಕೆಲಸವಿಲ್ಲದ ಹುಡುಗರು ಇದನ್ನೇ ಸಂಪಾದನೆ ಮಾಡಿಕೊಂಡು, ಹಿಂದಿನದನ್ನು ಮುಚ್ಚಿಟ್ಟು ಒಂದರ ಹಿಂದೆ ಒಂದಕ್ಕೆ ಸೇರಿದರೆ ಎರಡು ಔಷಧಗಳು ಒಂದೇ ದೇಹದಲ್ಲಿ ಸೇರುತ್ತವೆ, ರಕ್ತವೂ ಮತ್ತೆ ಮತ್ತೆ ಹೋಗುತ್ತದೆ. ಅಂತರ ಇಡಬೇಕೆಂಬ ನಿಯಮ ಇರುವುದು ಅವರ ಒಳ್ಳೆಯದಕ್ಕೇ.

ಹಣದ ಮಾತಿನಲ್ಲಿ ನಿಜ ಮರೆಯಾಗಲೂಬಹುದು. ಕೋವ್ಯಾಕ್ಸಿನ್ ಟ್ರಯಲ್ ನಡೆದಾಗ ಭೋಪಾಲ್‌ನಲ್ಲಿ, ವಿಷಾನಿಲ ದುರಂತದ ಸಂತ್ರಸ್ತರಿರುವ ಬಡಾವಣೆಗಳ ಕೆಲವರು ‘750 ರೂಪಾಯಿ ಸಿಗುತ್ತದೆ, ಲಸಿಕೆ ಹಾಕುತ್ತಾರೆ ಎಂದರು, ಟ್ರಯಲ್ ಎಂದು ಹೇಳಲಿಲ್ಲ’ ಎಂದು ಆರೋಪಿಸಿದ್ದರು. ಆಸ್ಪತ್ರೆ ಅದನ್ನು ನಿರಾಕರಿಸಿತು. ಎರಡೂ ಕಡೆಯ ಮಾತು ಏನೇ ಇರಲಿ, ಪಾಠ ಒಂದೇ: ‘ಇದು ಟ್ರಯಲ್ಲೇ?’ ಎಂಬ ನೇರ ಪ್ರಶ್ನೆ ನೀವೇ ಕೇಳಿ.

ಫಾರ್ವರ್ಡ್ ನಿಜವೇ? ಐದು ನಿಮಿಷದಲ್ಲಿ ನೋಡಿ

1. ಸಿಟಿಆರ್‌ಐ ಸಂಖ್ಯೆ ಕೇಳಿ. ಇದು ಭಾರತದ ಕ್ಲಿನಿಕಲ್ ಟ್ರಯಲ್ ನೋಂದಣಿ ಪಟ್ಟಿ. 2007ರಲ್ಲಿ ಶುರುವಾಯಿತು, 2009ರ ಜೂನ್ 15ರಿಂದ ಔಷಧ ಟ್ರಯಲ್‌ಗಳ ನೋಂದಣಿ ಕಡ್ಡಾಯ. ಮೊಬೈಲ್‌ನಲ್ಲಿ ಸಿಟಿಆರ್‌ಐ ಡಾಟ್ ಎನ್‌ಐಸಿ ಡಾಟ್ ಇನ್ ತೆರೆದರೆ ಯಾರು ಬೇಕಾದರೂ ಉಚಿತವಾಗಿ ಹುಡುಕಬಹುದು. ಯಾವ ಆಸ್ಪತ್ರೆಗಳು, ಯಾವ ವೈದ್ಯರು, ಯಾರ ಹಣ ಎಲ್ಲವೂ ಅಲ್ಲಿ ಇರುತ್ತವೆ.

2. ಅಲ್ಲಿ ಹೆಸರಿದೆ ಎಂದರೆ ಸರ್ಕಾರ ಆ ಔಷಧಕ್ಕೆ ಸರ್ಟಿಫಿಕೇಟ್ ಕೊಟ್ಟಿದೆ ಎಂದಲ್ಲ. ಟ್ರಯಲ್ ನೋಂದಣಿಯಾಗಿದೆ ಎಂದಷ್ಟೇ. ಹೆಸರೇ ಇಲ್ಲದಿದ್ದರೆ ಅಲ್ಲಿಗೇ ನಿಲ್ಲಿಸಿ.

3. ಪರೀಕ್ಷಿಸುತ್ತಿರುವ ಔಷಧಕ್ಕೆ ನಿಮ್ಮಿಂದಲೇ ಲಕ್ಷಗಟ್ಟಲೆ ಹಣ ಕೇಳಿದರೆ ಅದು ಟ್ರಯಲ್ ಅಲ್ಲ, ವ್ಯಾಪಾರ. ಶ್ವಾಸಕೋಶ, ಬೆನ್ನುಹುರಿ, ಸಕ್ಕರೆ ಕಾಯಿಲೆ ಎಲ್ಲಕ್ಕೂ ‘ಸ್ಟೆಮ್ ಸೆಲ್’ ಎಂದು ಮಾರುವವರ ಬಗ್ಗೆ ವಿಶೇಷ ಎಚ್ಚರ ಬೇಕು. 2017ರ ರಾಷ್ಟ್ರೀಯ ಮಾರ್ಗಸೂಚಿ ಪ್ರಕಾರ ರಕ್ತದ ಕೆಲವು ರೋಗಗಳಂಥ ಒಪ್ಪಿತ ಬಳಕೆ ಬಿಟ್ಟು ಉಳಿದದ್ದೆಲ್ಲ ಟ್ರಯಲ್ ಆಗಿ ಮಾತ್ರ ನಡೆಯಬೇಕು, ಅದಕ್ಕೆ ರೋಗಿಯಿಂದ ಹಣ ಪಡೆಯಬಾರದು.

4. ‘ಖಂಡಿತ ಗುಣವಾಗುತ್ತದೆ’ ಎಂದು ನಿಜವಾದ ಟ್ರಯಲ್‌ನವರು ಹೇಳುವುದಿಲ್ಲ. ‘ಇವತ್ತೇ ಸಹಿ ಹಾಕಿ’ ಎಂದು ಆತುರಪಡಿಸುವುದೂ ಇಲ್ಲ.

ವೈದ್ಯರನ್ನು ಕೇಳಬೇಕಾದ ಪ್ರಶ್ನೆಗಳು

ಕೇಳಿದರೆ ಡಾಕ್ಟರು ಏನಂದುಕೊಳ್ಳುತ್ತಾರೋ ಎಂಬ ಸಂಕೋಚ ಬೇಡ. ಉತ್ತರ ಕೊಡುವುದು ಅವರ ಕರ್ತವ್ಯ.

• ನಾನು ಇದಕ್ಕೆ ಸೇರದಿದ್ದರೆ ನನಗೆ ಸಿಗುವ ಚಿಕಿತ್ಸೆ ಯಾವುದು?
• ನನಗೆ ಹೊಸ ಔಷಧ ಸಿಗುತ್ತದೆಯೇ, ಚೀಟಿ ಎತ್ತಿದ ಹಾಗೆಯೇ? ಪ್ಲೇಸಿಬೊ ಇದೆಯೇ?
• ಈವರೆಗೆ ಎಷ್ಟು ಜನಕ್ಕೆ ಕೊಟ್ಟಿದ್ದಾರೆ, ಏನೇನು ತೊಂದರೆ ಕಂಡಿದೆ?
• ಎಷ್ಟು ಸಲ ಬರಬೇಕು? ಪ್ರಯಾಣದ ಖರ್ಚು ಯಾರದು?
• ಮಧ್ಯರಾತ್ರಿ ಊರಿನಲ್ಲಿ ತೊಂದರೆಯಾದರೆ ಯಾರಿಗೆ ಫೋನ್ ಮಾಡಬೇಕು? ಆ ಸಂಖ್ಯೆ ಕಾಗದದಲ್ಲಿ ಇದೆಯೇ?
• ಟ್ರಯಲ್ ಮುಗಿದ ಮೇಲೆ, ಔಷಧ ನನಗೆ ಒಗ್ಗಿದರೆ, ಮುಂದೆಯೂ ಸಿಗುತ್ತದೆಯೇ?

ಐದನೆಯದನ್ನು ಮರೆಯಬೇಡಿ. ಆಸ್ಪತ್ರೆಯ ಪಕ್ಕದಲ್ಲಿರುವವರಿಗೂ ರೈಲಿನಲ್ಲಿ ಬರಬೇಕಾದವರಿಗೂ ಅಪಾಯ ಒಂದೇ ಅಲ್ಲ. ರಾತ್ರಿ ತೊಂದರೆಯಾದರೆ ಹತ್ತಿರದ ಯಾವ ಆಸ್ಪತ್ರೆಗೆ ಹೋಗಬೇಕು, ಅಲ್ಲಿನ ವೈದ್ಯರಿಗೆ ತೋರಿಸಲು ಯಾವ ಚೀಟಿ ಕೊಡುತ್ತೀರಿ ಎಂಬುದನ್ನು ಮೊದಲೇ ಕೇಳಿಟ್ಟುಕೊಳ್ಳಿ.

ಹಾಗಾದರೆ ಸೇರಬೇಕೇ, ಬೇಡವೇ?

ಎಲ್ಲರಿಗೂ ಒಂದೇ ಉತ್ತರ ಇಲ್ಲ. ಈಗಿರುವ ಚಿಕಿತ್ಸೆ ನಿಮಗೆ ಚೆನ್ನಾಗಿ ಒಗ್ಗಿದ್ದರೆ ಹೊಸದನ್ನು ಹುಡುಕಿ ಹೋಗುವ ಅಗತ್ಯ ಕಡಿಮೆ. ಇರುವ ಚಿಕಿತ್ಸೆ ಸಾಲದೆ ಹೋಗಿದ್ದರೆ ಟ್ರಯಲ್ ಯೋಚಿಸತಕ್ಕ ದಾರಿ. ‘ನನಗೆ ಆಗದಿದ್ದರೂ ಮುಂದಿನವರಿಗೆ ಆಗಲಿ’ ಎಂದು ಸೇರುವುದೂ ಒಳ್ಳೆಯ ಕಾರಣವೇ. ಬರೀ ಹಣಕ್ಕಾಗಿ, ಅಥವಾ ವೈದ್ಯರಿಗೆ ಬೇಡ ಎನ್ನಲಾಗದೆ ಸೇರುವುದಾದರೆ ಸೇರದಿರುವುದೇ ಮೇಲು. ಬೇಡ ಎಂದರೂ ನಿಮ್ಮ ಚಿಕಿತ್ಸೆಗೆ ಧಕ್ಕೆ ಬರುವಂತಿಲ್ಲ.

ಕಾಗದವನ್ನು ಮನೆಗೆ ತನ್ನಿ. ಮನೆಯವರೊಂದಿಗೆ ಕೂತು ಓದಿ. ನಿಮ್ಮ ಊರಿನ ವೈದ್ಯರಿಗೆ ತೋರಿಸಿ. ಅರ್ಥವಾಗದ ಸಾಲಿನ ಕೆಳಗೆ ಗೆರೆ ಎಳೆದು ಮುಂದಿನ ಸಲ ಕೇಳಿ. ಉತ್ತರ ಸಿಕ್ಕ ಮೇಲೆ ಹೌದು ಎಂದರೂ ಸರಿ, ಬೇಡ ಎಂದರೂ ಸರಿ, ಆ ನಿರ್ಧಾರ ನಿಮ್ಮದು.

ಮುಂದಿನ ಸಲ ‘ಸೀಟು ಕೆಲವೇ ಇವೆ’ ಎಂಬ ಸಂದೇಶ ಬಂದರೆ ಗುಂಪಿಗೆ ಕಳಿಸುವ ಮೊದಲು ಕಳಿಸಿದವರಿಗೆ ಒಂದೇ ಸಾಲು ಬರೆಯಿರಿ: ‘ಸಿಟಿಆರ್‌ಐ ನಂಬರ್ ಎಷ್ಟು?’